ಒಂದು ಹೂಂಗೆ ಒಂದು ಕಲ್ಲು

ಒಂದಾನೊಂದು ಊರು. ಆ ಊರಿಗೆ ಹೆಸರಿತ್ತೋ ಇಲ್ಲವೋ, ಹೇಳುವವರು ಹೇಳಿಲ್ಲ, ಕೇಳುವವರು ಕೇಳಿಲ್ಲ. ಊರ ಮುಂದೆ ಒಂದು ಹಳ್ಳ. ಹಳ್ಳದ ಈ ದಡದಲ್ಲಿ ಒಬ್ಬ ಹುಡುಗಿ, ಆ ದಡದಲ್ಲಿ ಅವಳ ಅವ್ವ. ಹುಡುಗಿಯ ತಲೆಯ ಮೇಲೆ ಅವ್ವನಿಗೆ ಒಯ್ಯಬೇಕಾದ ಬುತ್ತಿ. ಸೇತುವೆಯಿಲ್ಲ, ಹರಗೋಲು ಹಾಕುವವನೂ ಇಲ್ಲ. ನೀರಿನೊಳಗೆ ಕಲ್ಲುಗಳೇನೋ ಇವೆ, ಆದರೆ ಮುಳುಗಿಕೊಂಡಿವೆ. ಯಾರಾದರೂ ‘ಹೂಂ’ ಎಂದರೆ ಮಾತ್ರ ಒಂದು ಕಲ್ಲು ಮೇಲೇಳುತ್ತದೆ, ಹುಡುಗಿ ಒಂದು ಹೆಜ್ಜೆ ಇಡುತ್ತಾಳೆ. ಒಂದು ಹೂಂಗೆ ಒಂದು ಕಲ್ಲು. ಹೂಂ ನಿಂತಿತೋ, ಹುಡುಗಿ ನಡುನೀರಿನಲ್ಲಿ ನಿಂತಳು.

ಮರಳಿ ಎನ್ನುವ ಊರಿನ ಫಕೀರಮ್ಮಜ್ಜಿ ಈ ಕಥೆಯನ್ನು ಹೇಳುವಾಗ ಕೇಳುವವರಿಗೆ ನಿದ್ದೆ ಬಂದರೆ ಅಲ್ಲಿಗೇ ಬಾಯಿ ಮುಚ್ಚಿಬಿಡುತ್ತಿದ್ದಳು. ಕಾಲು ಹಿಡಿದು ಬೇಡಿಕೊಂಡರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಹೂಂಗುಟ್ಟದ ಕಥೆ ಉಪ್ಪಿಲ್ಲದ ಅಂಬಲಿ ಎನ್ನುವುದು ಅವಳ ಕಾನೂನು. ಅರ್ಧಕ್ಕೆ ಬಿಟ್ಟ ಕಥೆಯೊಳಗಿನ ಜನ ಎಲ್ಲಿದ್ದರೋ ಅಲ್ಲೇ ನಿಂತಿರುತ್ತಾರೆ, ಅವರ ಕಾಲು ನೋಯುತ್ತವೆ ಎಂದೂ ಹೇಳುತ್ತಿದ್ದಳು. ಮೊಮ್ಮಗಳು ರಂಜಿತಾ ಸಣ್ಣವಳಿದ್ದಾಗ ಎಷ್ಟೋ ಸಲ ನಡುನೀರಿನ ಹುಡುಗಿಯನ್ನು ನೆನೆದು ಹಾಸಿಗೆಯಲ್ಲಿ ಎದ್ದು ಕೂತು, ಯಾರೂ ಕೇಳದಿದ್ದರೂ ‘ಹೂಂ’ ಎಂದು ಹೇಳಿ ಮಲಗಿದ್ದುಂಟು.

ಹೀಗೆ ಹೂಂಗುಟ್ಟುತ್ತಲೇ ಹಾಲುಹಲ್ಲು ಬಿದ್ದು ಗಟ್ಟಿಹಲ್ಲು ಬಂದ ರಂಜಿತಾ ಈಗ ದೊಡ್ಡವಳಾಗಿದ್ದಳು. ದೊಡ್ಡವಳಾದರೂ ಕನಸು ಕಾಣುವುದು ಬಿಟ್ಟಿರಲಿಲ್ಲ. ನಾಟಿ ಹಚ್ಚಲು ಗದ್ದೆಗಿಳಿದರೆ ಸಸಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಮೋಡದಲ್ಲಿ ಆನೆ ಹುಡುಕುತ್ತ ನಿಂತುಬಿಡುತ್ತಿದ್ದಳು. ಗುಂಪಿನ ಹೆಂಗಸರು ಬಿಡಬೇಕಲ್ಲ. ಆನಿ ಸಿಕ್ಕಿದ್ರ ಅದಕ್ಕೂ ಒಂದು ಕಟ್ಟು ಸಸಿ ಕೊಡವಾ, ಹಚ್ಚಲಿ ಎಂದು ಚುಡಾಯಿಸುತ್ತಿದ್ದರು. ಅಪ್ಪ ಹುಲಿಗೆಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ರಂಜಿತಾಳ ಪಿಯುಸಿ ಮುಗಿದ ವರ್ಷವೇ ಅವ್ವ ಸೊಂಟ ಹಿಡಿದು ಕೂತಿದ್ದರಿಂದ ಮನೆಯೂ ಹೊಲದ ಕೆಲಸವೂ ಇವಳ ಪಾಲಿಗೆ ಬಂದವು. ಕಾಲೇಜಿನ ಬಸ್ಸು ಬರುವ ಹೊತ್ತಿಗೆ ಇವಳು ಗದ್ದೆಯಲ್ಲಿರುತ್ತಿದ್ದಳು. ಆದರೂ ಶಾಲೆಯ ಟೀಚರಾಗುವ ಆಸೆ ಮಾತ್ರ ಮಿದುವಾಗಿ ಒಳಗೇ ಉಳಿದಿತ್ತು. ಕೊನೆಗೆ ಈ ವರ್ಷ, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಠ ಕೇಳಿ ಓದುವ ಪದವಿಗೆ ಹೆಸರು ಹಚ್ಚಿದಳು. ಮೊದಲ ವರ್ಷದ ವಿಷಯಗಳಲ್ಲಿ ಅವಳ ಕಣ್ಣು ಬಿದ್ದದ್ದು ಒಂದರ ಮೇಲೆ: ಶೈಕ್ಷಣಿಕ ಮನೋವಿಜ್ಞಾನ. ಮಕ್ಕಳು ಹೇಗೆ ಕಲಿಯುತ್ತಾರೆ ಎನ್ನುವ ವಿದ್ಯೆ.

ಮನೆಯೊಳಗೆ ನೆಟ್‌ವರ್ಕ್ ಇಲ್ಲ. ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಹೋಗಿ, ಕಾಲುವೆಯ ಕಡೆಗೆ ಮುಖ ಮಾಡಿ ಕೂತರೆ ಮಾತ್ರ ಸಿಗುತ್ತಿತ್ತು. ಮೊದಲ ದಿನ ಸಂಜೆ ಮೊಬೈಲಿನ ತುಂಬ ಕಪ್ಪು ಚೌಕಗಳು, ಚೌಕಕ್ಕೊಂದು ಹೆಸರು, ಮುಖ ಯಾರದೂ ಇಲ್ಲ. ಯಲಬುರ್ಗಾದ ಒಬ್ಬಾಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ಅದರ ಸಪ್ಪಳ ಬರುತ್ತಿತ್ತು. ಅಳವಂಡಿಯ ತಿರುಪತಿ ಎನ್ನುವವನು ಟಂಟಂ ಓಡಿಸುವವನು. ಪ್ಯಾಸೆಂಜರ್ ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಕೂತು ಪದವಿ ಓದುತ್ತಿದ್ದ. ಪಾಠ ಹೇಳುವವರು ಕೊಪ್ಪಳದ ನಿಶಾತ ಮೇಡಂ. ಅವರ ದನಿ ಮಾತ್ರ ತಿಳಿನೀರಿನ ಹಾಗೆ ಬಂತು.

ಕಲಿಕೆ ಎಂದರೆ ನಡವಳಿಕೆಯಲ್ಲಿ ಆಗುವ ಬದಲಾವಣೆ ಎಂದರು ಮೇಡಂ. ರಂಜಿತಾ ಹೂಂ ಎಂದಳು. ಆ ಬದಲಾವಣೆ ಅನುಭವದಿಂದ ಬಂದದ್ದಾಗಿರಬೇಕು ಎಂದರು. ಹೂಂ ಎಂದಳು. ಮತ್ತು ಅದು ಸ್ವಲ್ಪ ಕಾಲವಾದರೂ ಉಳಿಯಬೇಕು ಎಂದರು. ಅದಕ್ಕೂ ಹೂಂ. ತಾನು ಹೂಂಗುಟ್ಟುತ್ತಿದ್ದೇನೆ ಎನ್ನುವುದೇ ಅವಳಿಗೆ ತಿಳಿದಿರಲಿಲ್ಲ. ಎದುರಿಗೊಬ್ಬರು ಹೇಳುತ್ತಿದ್ದಾರೆ, ಕೇಳುವವಳು ತಾನು. ಹೂಂ ಅನ್ನದಿದ್ದರೆ ಮಾತು ಮುಂದಕ್ಕೆ ಹೋಗುವುದಾದರೂ ಹೇಗೆ? ಅವಳ ಮೈಕು ತೆರೆದೇ ಇತ್ತು.

“ಮೇಡಂ,” ಎಂದ ತಿರುಪತಿ, “ಯಾರೋ ಅಜ್ಜಿ ಕಥಿ ಕೇಳಾಕ ಬಂದು ಕುಂತಾರ ನೋಡ್ರಿ. ಅವರ ಹೂಂ ಕೇಳಿ ನನ್ನ ಪ್ಯಾಸೆಂಜರ್ ಸೈತ ನಗಾಕತ್ತಾರ.”

ಕಪ್ಪು ಚೌಕಗಳೆಲ್ಲ ಒಮ್ಮೆಗೇ ನಕ್ಕವು. ಎಲ್ಲರೂ ಮೈಕ್ ಬಂದ್ ಮಾಡಿಕೊಳ್ಳಿ ಎಂದರು ಮೇಡಂ. ರಂಜಿತಾಳ ಕಿವಿ ಹೆಂಚಿನ ಹಾಗೆ ಕಾದವು. ಅವಸರದಲ್ಲಿ ಮೈಕು ಮುಚ್ಚಿದಳು. ಅಂದಿನಿಂದ ಅವಳ ಮೈಕು ತೆರೆಯಲಿಲ್ಲ. ಹೂಂ ಗಂಟಲಿನವರೆಗೆ ಬರುತ್ತಿತ್ತು, ತುಟಿ ಕಚ್ಚಿಕೊಂಡು ನುಂಗುತ್ತಿದ್ದಳು.

ಪಕ್ಕದ ಮನೆಯ ಹೇಮಾವತಿಗೂ ಅವಳಿಗೂ ಮಾತು ಬೆಳೆದದ್ದು ಆಗಲೇ. ಹೇಮಾವತಿ ತನ್ನ ಗಂಡನ ಜೊತೆ ಮಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆಂದು ವರ್ಷಗಟ್ಟಲೆ ಇದ್ದವಳು. ಮಗಳು ಕವಿತಾಳನ್ನು ಶಾಲೆಗೆ ಹಾಕಬೇಕೆಂದು ಹೋದ ವರ್ಷ ಗಂಡನನ್ನು ಅಲ್ಲೇ ಬಿಟ್ಟು ಮರಳಿಗೆ ಬಂದಿದ್ದಳು. ಕವಿತಾ ಒಂದನೆಯ ಇಯತ್ತೆ. ಅವ್ವನ ಕಿವಿಯಲ್ಲಿ ಪಿಸುಪಿಸು ಮಾತಾಡುತ್ತಾಳೆ, ಕೋಳಿಯ ಜೊತೆ ಮಾತಾಡುತ್ತಾಳೆ. ಮತ್ತೊಬ್ಬರ ಮುಂದೆ ಬಾಯಿ ಬಿಟ್ಟವಳೇ ಅಲ್ಲ. ಶಾಲೆಯಲ್ಲಿ ಹಾಜರಿ ಕರೆದರೆ ಎಲ್ಲ ಮಕ್ಕಳು ‘ಬಂದೀನ್ರಿ ಸರ್’ ಅನ್ನುತ್ತವೆ. ಕವಿತಾಳ ಹೆಸರು ಬಂದಾಗ ಮಾತ್ರ ಒಂದು ಮೌನ. ದ್ಯಾಮಣ್ಣ ಮಾಸ್ತರು ಒಳ್ಳೆಯವರು, ತಲೆಯೆತ್ತಿ ನೋಡಿ ಹಾಜರಿ ಹಾಕಿಕೊಳ್ಳುತ್ತಿದ್ದರು. ಆದರೆ ಮಕ್ಕಳು ಮೂಕಿ ಎಂದು ಹೆಸರಿಟ್ಟಿದ್ದವು. ದೊಡ್ಡವರೂ ಹಾಗೇ ಕರೆಯತೊಡಗಿದ್ದರು.

ಒಂದು ದಿನ ಹೇಮಾವತಿ ಬಾಗಿಲಿಗೆ ಬಂದು ನಿಂತಳು. “ತಂಗಿ, ನೀ ಮಕ್ಕಳ ಮನಸಿನ ವಿದ್ಯೆ ಓದಾಕತ್ತೀಯಂತ. ನಮ್ಮ ಹುಡುಗಿ ಸಾಲ್ಯಾಗ ಹಾಜರಿ ಕರದಾಗ ಒಂದ ‘ಬಂದೀನ್ರಿ’ ಅಂದ್ರ ಸಾಕವಾ, ಮತ್ತೇನೂ ಬ್ಯಾಡ. ಇಲ್ಲಾಂದ್ರ ದೀಪಾವಳಿಗೆ ಕುಷ್ಟಗಿಗೆ ನಮ್ಮವ್ವನ ಕಡೆ ಬಿಟ್ಟು ಬರ್ತೀನಿ. ಮೂಕಿ ಮೂಕಿ ಅನ್ನೋದು ನನಗ ಕೇಳಾಕ ಆಗವಲ್ದು.”

“ಹುಡುಗೀನ ಬಿಟ್ಟು ನೀ ಹೆಂಗ ಇರ್ತೀಯಕ್ಕ?”

“ಇರಬೇಕಲ್ಲ,” ಎಂದಳು ಹೇಮಾವತಿ. ಅಷ್ಟು ಹೇಳಿ ಸೆರಗಿನ ಅಂಚು ನೋಡತೊಡಗಿದಳು.

ರಂಜಿತಾ ಹಿಂದೆ ಮುಂದೆ ನೋಡುವ ಪೈಕಿಯಲ್ಲ. ದೀಪಾವಳಿಯೊಳಗೆ ಅನ್ನಿಸುತ್ತೇನೆ, ಇದು ನನ್ನ ಮಾತು ಎಂದುಬಿಟ್ಟಳು. ಒಳಗೆ ಬೇಳೆ ಆರಿಸುತ್ತಿದ್ದ ಫಕೀರಮ್ಮಜ್ಜಿ ಕೇರುವ ಮೊರ ಕೆಳಗಿಟ್ಟು, ಮಾತು ಕೊಡುವುದು ಸಸಾರ, ಮಾತು ಆಡಿಸುವುದು ಕಷ್ಟ ಎಂದು ಗೊಣಗಿದಳು. ಆ ವಾರವೇ ಮೇಡಂ, ಪ್ರತಿಯೊಬ್ಬರೂ ಒಂದು ಮಗುವನ್ನು ಆರಿಸಿಕೊಂಡು ಅದು ಒಂದು ಸಣ್ಣ ಸಂಗತಿಯನ್ನು ಕಲಿಯುವುದನ್ನು ಗಮನಿಸಿ ಬರೆಯಬೇಕು ಎಂದಾಗ ರಂಜಿತಾ ಕವಿತಾಳ ಹೆಸರನ್ನೇ ಕಳಿಸಿದಳು.

ಪಾಠದಲ್ಲಿ ಪುನರ್ಬಲನ ಎಂದಿತ್ತು. ಬೇಕಾದ ನಡವಳಿಕೆ ಬಂದ ಕೂಡಲೇ ಬಹುಮಾನ ಕೊಟ್ಟರೆ ಅದು ಗಟ್ಟಿಯಾಗುತ್ತದೆ ಎನ್ನುವ ಮಾತು. ರಂಜಿತಾ ಪೆಪ್ಪರಮೆಂಟು ತಂದಳು. ಸಂಜೆ ಕವಿತಾಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನಿನ್ನ ಹೆಸರೇನು ಎಂದು ಕೇಳುವಳು. ಕವಿತಾ ಮುಖ ತಿರುಗಿಸುವಳು. ಪಾಪ, ಹೆದರಿತೇನೋ ಎಂದು ರಂಜಿತಾಳ ಕರುಳು ಚುರ್ ಎನ್ನುವುದು, ಸಮಾಧಾನಕ್ಕೆ ಒಂದು ಪೆಪ್ಪರಮೆಂಟು ಕೊಡುವಳು. ಕೆಲವು ದಿನ ಹೋದವು. ಈಗ ಕವಿತಾ ಕಟ್ಟೆಗೆ ಬಂದು ಕೂತವಳೇ ಪ್ರಶ್ನೆ ಕೇಳುವ ಮೊದಲೇ ಮುಖ ತಿರುಗಿಸಿ, ಹಿಂದಿನಿಂದ ಅಂಗೈ ಚಾಚತೊಡಗಿದಳು.

ಫಕೀರಮ್ಮಜ್ಜಿ ಇದನ್ನು ನೋಡಿ ಕೆಮ್ಮು ಬರುವ ತನಕ ನಕ್ಕಳು. “ಹುಡುಗಿ ಭಾಳ ಶ್ಯಾಣೆ ಐತಿ ಬೇ. ಪೆಪ್ಪರಮೆಂಟು ಯಾವಾಗ ಕೊಡಬೇಕು ಅಂತ ನಿನಗ ಛಲೋ ಕಲಿಸೈತಿ.”

ನಗು ಬಂದರೂ ರಂಜಿತಾಳಿಗೆ ಒಳಗೆ ಅವಮಾನವೇ ಆಯಿತು. ಪೆಪ್ಪರಮೆಂಟು ನಿಂತವು. ಆಮೇಲೆ ತನಗೆ ಗೊತ್ತಿದ್ದ ಹಳೆಯ ದಾರಿಗೆ ಬಂದಳು. ಒಂದಾನೊಂದು ಊರು, ಊರ ಮುಂದೆ ಹಳ್ಳ, ಈ ದಡದಲ್ಲಿ ಹುಡುಗಿ, ಆ ದಡದಲ್ಲಿ ಅವ್ವ. ಇಲ್ಲಿಗೆ ಬಂದು ನಿಲ್ಲಿಸಿ ಕವಿತಾಳ ಮುಖ ನೋಡುವಳು. ಕವಿತಾ ಕಣ್ಣು ಅರಳಿಸಿ ನೋಡುವಳು, ಅಷ್ಟೇ. ಹೂಂ ಇಲ್ಲ, ಕಲ್ಲೂ ಇಲ್ಲ. ನಾಳೆ ನೋಡೋಣ ಎಂದು ರಂಜಿತಾ ಏಳುವಳು. ಮರುದಿನ ಮತ್ತೆ ಅದೇ ಊರು, ಅದೇ ಹಳ್ಳ. ಬುತ್ತಿ ಹೊತ್ತ ಹುಡುಗಿ ದಡದಲ್ಲೇ ನಿಂತು ನಿಂತು ಬೇಸತ್ತಿರಬೇಕು.

ಕೊನೆಗೊಂದು ಸಂಜೆ ಕವಿತಾಳ ತುಟಿ ಅಲುಗಿತು. ದನಿ ಬಂತೋ ಇಲ್ಲವೋ, ಬಂದ ಹಾಗೆ ರಂಜಿತಾಳಿಗೆ ಕೇಳಿಸಿತು. ಖುಷಿಗೆ ಹುಚ್ಚು ಹಿಡಿದಂತಾಗಿ, ಹೇಮಕ್ಕಾ ಅಂದ್ಲು, ಅಂದ್ಲು ಎಂದು ಕೂಗಿಬಿಟ್ಟಳು. ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರೆಲ್ಲ ಓಡಿ ಬಂದರು. ಏನಂದ್ಲು, ನಮ್ಮ ಮುಂದನೂ ಒಮ್ಮೆ ಅನ್ನವಾ, ಏ ಸರೀರಿ ಅಕಿ ಮಾರಿ ಕಾಣವಲ್ದು ಎಂದು ಕಟ್ಟೆಯ ಸುತ್ತ ಗುಂಪು ಕಟ್ಟಿತು. ಆ ಗುಂಪಿನ ನಡುವೆ ಕವಿತಾ ಗಲ್ಲ ಎದೆಗೆ ಒತ್ತಿಕೊಂಡು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ರಂಜಿತಾ ಅವರ ಬಾಗಿಲಿಗೆ ಹೋದರೆ ಕವಿತಾ ಕಣಜದ ಹಿಂದೆ ಅಡಗುತ್ತಿದ್ದಳು.

ಭತ್ತದಲ್ಲಿ ಕಳೆ ಕೀಳುವ ದಿನಗಳು. ರಂಜಿತಾ ಮತ್ತು ಹೇಮಾವತಿ ಗದ್ದೆಯ ಒಂದೇ ಮಡಿಯಲ್ಲಿ ಬಗ್ಗಿದ್ದರು. ಕೂಗಿದ್ದು ತನ್ನ ತಪ್ಪು ಎಂದು ರಂಜಿತಾ ಹೇಳಿಕೊಂಡಳು. ಹೇಮಾವತಿ ಕಿತ್ತ ಕಳೆಯನ್ನು ಬದುವಿಗೆ ಎಸೆದಳು. ಬಗ್ಗಿದಲ್ಲಿಂದಲೇ, ಮುಖ ತೋರಿಸದೆ, ಮಾತು ತೆಗೆದಳು.

“ತಪ್ಪು ನಿಂದಲ್ಲ ತಂಗಿ. ಅಲ್ಲಿ ಬಿಲ್ಡಿಂಗ್‌ನ್ಯಾಗ ಕೂಸಿನ ಸದ್ದು ಕೇಳಿದ್ರ ಮೇಸ್ತ್ರಿ ಕೆಲಸದಿಂದ ತಗೀತಿದ್ದ. ತಗಡಿನ ಶೆಡ್ಡಿನ್ಯಾಗ ಕುಂದ್ರಿಸಿ, ನಾ ಬರೂತನಕ ಹೂಂ ಅನಬಾರ್ದು, ಹಾಂ ಅನಬಾರ್ದು ಅಂತ ಹೇಳಿ ಹೋಗ್ತಿದ್ದೆ. ಅನಲಿಲ್ಲ. ಎಷ್ಟು ಛಲೋ ಹುಡುಗಿ, ಗಲಾಟಿ ಇಲ್ಲ ಏನಿಲ್ಲ ಅಂತ ಎಲ್ಲಾರೂ ಹೊಗಳೋರು. ನಾನೂ ಮುದ್ದು ಕೊಡ್ತಿದ್ದೆ.”

ರಂಜಿತಾಳ ಕೈಯೊಳಗಿನ ಕಳೆ ಹಾಗೇ ಉಳಿಯಿತು. ಈ ಹುಡುಗಿ ಯಾಕೆ ಕಲಿಯುತ್ತಿಲ್ಲ ಎಂದು ಅವಳು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಳು. ಹುಡುಗಿ ಕಲಿತೇ ಇತ್ತು. ಸುಮ್ಮನಿರುವುದನ್ನು ಕಲಿತಿತ್ತು, ಅದೂ ಮುದ್ದು ತಗೊಂಡು, ಹೊಗಳಿಸಿಕೊಂಡು, ಯಾವ ಪೆಪ್ಪರಮೆಂಟಿಗೂ ಕರಗದಷ್ಟು ಗಟ್ಟಿಯಾಗಿ. ಪುಸ್ತಕದಲ್ಲಿ ಓದಿದ್ದ ಸಾಲುಗಳೆಲ್ಲ ಮಡಿಯ ನೀರಿನಲ್ಲಿ ತಲೆಕೆಳಗಾಗಿ ಕಂಡವು.

ಆ ಸಂಜೆ ಮಾಳಿಗೆಯ ಮೇಲೆ, ಪಾಠ ಮುಗಿದು ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಮೇಡಂ ಕೇಳಿದಾಗ, ರಂಜಿತಾ ಮೊದಲ ದಿನದ ನಂತರ ಮೊದಲ ಬಾರಿಗೆ ಮೈಕು ತೆರೆದಳು. ಕವಿತಾಳ ಸಂಗತಿಯನ್ನೆಲ್ಲ ಹೇಳಿದಳು. ಕಲಿತ ಮೌನವನ್ನು ಮರೆಸುವುದು ಹೇಗೆ ಎಂದು ಕೇಳಿದಳು.

“ಮರೆಸಾಕ ಹೋಗಬ್ಯಾಡ್ರಿ,” ಎಂದಿತು ಮೇಡಂ ದನಿ. “ಅದು ಅಕಿನ್ನ ಒಂದು ಕಾಲದಾಗ ಕಾಯ್ದೈತಿ. ಅದರ ಬಾಜೂಕ ಇನ್ನೊಂದು ಕಲಿಕೆಗೆ ಜಾಗ ಮಾಡಿಕೊಡ್ರಿ, ಸಾಕು. ಮಾತಾಡು ಅಂತ ಕೇಳಬ್ಯಾಡ್ರಿ. ಅಕಿ ಮಾತಾಡಲಿ ಅಂತ ಕಾಯಾಕೂ ಹೋಗಬ್ಯಾಡ್ರಿ. ಕಾಯೋದು ಮಾರಿ ಮ್ಯಾಲ ಕಾಣ್ತೈತಿ, ಮಕ್ಕಳಿಗೆ ಅದೂ ಹೆದರಿಕೀನ.”

ರಂಜಿತಾಳ ಬಾಯಿಂದ ಜಾರಿತು: ಹೂಂ.

“ಓ,” ಎಂದರು ಮೇಡಂ. “ಮೊದಲ ದಿವಸ ಹೂಂ ಅಂತಿದ್ದವರು ನೀವೇನು?”

ರಂಜಿತಾ ಹೌದೆಂದಳು, ಕ್ಷಮಿಸಿ ಎಂದೂ ಸೇರಿಸಿದಳು.

“ಕ್ಷಮಾ ಯಾಕ ಬೇಕು? ನಾ ದಿನಾ ಈ ಕರೇ ಚೌಕಗಳ ಮುಂದ ಒಬ್ಬಾಕಿನ ಮಾತಾಡ್ತೀನಿ. ಆ ಕಡೆ ಮಂದಿ ಅದಾರೋ, ಮೊಬೈಲ್ ಇಟ್ಟು ಊಟಕ್ಕ ಹೋಗ್ಯಾರೋ ತಿಳಿಯಂಗಿಲ್ಲ. ನಾಳಿಂದ ನಿಮ್ಮ ಮೈಕ್ ಚಾಲೂ ಇರಲಿ.”

ತಿರುಪತಿ, ಹಂಗಾದ್ರ ನಾನೂ ಹೂಂ ಅನ್ನಲೇನ್ರಿ ಎಂದ. ಗಾಡಿ ಓಡಿಸುವಾಗ ಬೇಡ, ನಿಲ್ಲಿಸಿ ಅನ್ನಿ ಎಂದರು ಮೇಡಂ. ಈ ಸಲ ಚೌಕಗಳ ಜೊತೆ ರಂಜಿತಾಳೂ ನಕ್ಕಳು.

ಅಂದಿನಿಂದ ರಂಜಿತಾ ಕವಿತಾಳನ್ನು ಏನೂ ಕೇಳಲಿಲ್ಲ. ಹೇಮಾವತಿ ಕೆಲಸದಿಂದ ಬರುವುದು ತಡವಾದ ದಿನ ಕವಿತಾ ಇವರ ಮನೆಯಲ್ಲೇ ಇರಬೇಕಾಗುತ್ತಿತ್ತು. ರಂಜಿತಾ ಅವಳಿಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ತನ್ನ ಪಾಡಿಗೆ ತಾನು ನಿಚ್ಚಣಿಕೆ ಹತ್ತಿ ಹೋಗಿ ಪಾಠಕ್ಕೆ ಕೂರುತ್ತಿದ್ದಳು, ಮೈಕು ತೆರೆದು ಹೂಂಗುಟ್ಟುತ್ತಿದ್ದಳು. ಮೊದಲು ಕವಿತಾ ನಿಚ್ಚಣಿಕೆಯ ಬುಡದಲ್ಲಿ ಕೂತು ಮೇಲೆ ನೋಡುತ್ತಿದ್ದಳು. ಆಮೇಲೊಂದು ದಿನ ಅವಳ ತಲೆ ಮಾತ್ರ ಮಾಳಿಗೆಯ ಅಂಚಿನಲ್ಲಿ ಕಾಣಿಸಿತು. ಇನ್ನೊಂದು ದಿನ ಮೇಲೇ ಬಂದು, ರಂಜಿತಾಳ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ಮೊಬೈಲಿನೊಳಗಿನ ಮೇಡಂಗೆ ಇವಳು ಕಾಣುವುದಿಲ್ಲ. ಕಾಣದವರು ಗುಂಪು ಕಟ್ಟುವುದಿಲ್ಲ, ಅನ್ನು ಅನ್ನು ಎಂದು ಕಾಡುವುದೂ ಇಲ್ಲ. ರಂಜಿತಾಳಿಗೆ ದೂರದ ಪಾಠದ ಬಗ್ಗೆ ಇದ್ದ ಬೇಸರವೆಲ್ಲ ಆ ಸಂಜೆ ಹೋಯಿತು. ಎದುರಿಗಿಲ್ಲದ ಟೀಚರಿಗಷ್ಟೇ ಸಾಧ್ಯವಾಗುವ ಕೆಲಸವೂ ಒಂದಿದೆ ಎನಿಸಿತು.

ಅಂದಿನ ಪಾಠ, ಹಿಂದೆ ಒಬ್ಬ ಪಂಡಿತ ಬೆಕ್ಕಿನ ಮೇಲೆ ಮಾಡಿದ ಪ್ರಯೋಗದ್ದು. ಮೇಡಂ ಅದನ್ನು ಕಥೆಯಾಗಿಯೇ ಹೇಳಿದರು. ರಂಜಿತಾಳ ಹೂಂ ಬರತೊಡಗಿದ ಮೇಲೆ ಅವರ ಪಾಠಕ್ಕೂ ಅಂಥದೊಂದು ಲಯ ಬಂದಿತ್ತು.

“ಹಸಿದ ಬೆಕ್ಕನ್ನ ಒಂದು ಪಂಜರದಾಗ ಹಾಕಿದ್ರು.”

ಹೂಂ ಎಂದಳು ರಂಜಿತಾ.

“ಹೊರಗ ಒಂದು ಮೀನಿನ ತುಂಡು ಇಟ್ಟಿದ್ರು.”

ಹೂಂ.

“ಬೆಕ್ಕು ಪರಚಿತು, ಕಚ್ಚಿತು, ಅತ್ತ ಇತ್ತ ಜಿಗಿದಾಡಿತು. ಬಾಗಿಲ ತೆರೀಲಿಲ್ಲ.”

ಹೂಂ ಎಂದಳು ರಂಜಿತಾ. ಅವಳ ಹೂಂ ಮುಗಿದ ಮೇಲೂ ಒಂದು ಹೂಂ ಉಳಿದಿತ್ತು. ಬೆನ್ನಿನ ಹಿಂದಿನಿಂದ, ಇಬ್ಬನಿ ಹನಿಯಷ್ಟು ಸಣ್ಣದು.

ರಂಜಿತಾಳಿಗೆ ಅನಿಸಿತು: ತಿರುಗಬೇಕು, ಎತ್ತಿ ಮುದ್ದಿಡಬೇಕು, ಊರಿಗೆ ಕೇಳುವಂತೆ ಕೂಗಬೇಕು. ತಿರುಗಲಿಲ್ಲ. ಕಾಲುವೆಯ ಏರಿಯ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು, ಕಣ್ಣನ್ನು ಅವುಗಳ ಮೇಲೆ ಕಟ್ಟಿಹಾಕಿದಳು.

“ಎರಡು ಹೂಂ ಬರಾಕತ್ತಾವಲ್ರಿ ಮೇಡಂ ಇವತ್ತು,” ಎಂದ ತಿರುಪತಿ.

“ಬರಲಿ,” ಎಂದರು ಮೇಡಂ. ಅದೇ ದನಿಯಲ್ಲಿ ಮುಂದುವರಿದರು. “ಜಿಗಿಯೂ ಮುಂದ ಬೆಕ್ಕಿನ ಕಾಲಿಗೆ ಒಂದು ಹಗ್ಗ ಸಿಕ್ಕಿತು.”

ಎರಡು ಹೂಂ.

ಪಾಠ ಮುಗಿದ ಮೇಲೆ ನಿಚ್ಚಣಿಕೆ ಇಳಿಯುವಾಗ ಪಿಸುದನಿಯೊಂದು ರಂಜಿತಾಳ ಸೊಂಟದ ಹತ್ತಿರ ಕೇಳಿತು. ಬೆಕ್ಕು ಮೀನು ತಿಂತಾ ಎಂದು. ತಿಂತು ಎಂದಳು ರಂಜಿತಾ, ದಿನಾ ಕೇಳುವ ಮಾತಿಗೆ ಉತ್ತರ ಕೊಟ್ಟಷ್ಟೇ ಸಹಜವಾಗಿ. ಕತ್ತಲ ಮೂಲೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಆಮೇಲೆ.

ಮುಂದಿನ ದಿನಗಳಲ್ಲಿ ಹಳ್ಳದ ಕಥೆ ಮತ್ತೆ ಶುರುವಾಯಿತು. ಹೇಳುವವಳು ಈಗ ಫಕೀರಮ್ಮಜ್ಜಿ. ಕವಿತಾ ಹೂಂಗುಟ್ಟಿದಳು, ಕಲ್ಲು ಎದ್ದವು, ಬುತ್ತಿಯ ಹುಡುಗಿ ನೀರಿಗಿಳಿದಳು. ಇನ್ನೇನು ಒಂದೇ ಕಲ್ಲು, ಆಚೆ ದಡ ಎನ್ನುವಲ್ಲಿ ರಂಜಿತಾ ಅಜ್ಜಿಯ ಕೈ ಹಿಡಿದು ತಡೆದಳು.

“ಒಂದು ಕಲ್ಲು ಉಳೀಲಿ ಅಜ್ಜಿ. ಅದು ಸಾಲ್ಯಾಗ ಐತಿ.”

“ನಡುನೀರಾಗ ಬಿಡೋದು ಪಾಪ ಬೇ,” ಎಂದು ಅಜ್ಜಿ ಸಿಟ್ಟಾದಳು. “ಆ ಹುಡುಗಿ ಕಾಲು ನೋಯ್ತಾವ.”

ಪಾಪವೋ ಪುಣ್ಯವೋ, ರಂಜಿತಾ ಹಟ ಬಿಡಲಿಲ್ಲ. ಮರುದಿನ ಮಾಸ್ತರರನ್ನು ಕೇಳಿಕೊಂಡು ತರಗತಿಯ ಹಿಂದಿನ ಗೋಡೆಗೆ ಆತು ಕೂತಳು. ಹಾಜರಿ ಬಂತು. ಕವಿತಾ ಎಂದರು ಮಾಸ್ತರು. ಕವಿತಾ ಗಲ್ಲವನ್ನು ಎದೆಗೆ ಒತ್ತಿಕೊಂಡಳು. ಮೂಕಿ ಎಂದು ಯಾರೋ ಪಿಸುಗುಟ್ಟಿದರು. ಮಾಸ್ತರು ಮುಂದಿನ ಹೆಸರಿಗೆ ಹೋದರು. ಮನೆಯ ಕಡೆ ನಡೆಯುವಾಗ ರಂಜಿತಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಾಯಬೇಡಿ ಎಂದು ಮೇಡಂ ಹೇಳಿದ್ದರು, ಇವಳು ಶಾಲೆಯವರೆಗೆ ಹೋಗಿ ಗೋಡೆಗೆ ಆತು ಕಾದಿದ್ದಳು. ದಸರಾ ರಜೆ ಬಂತು, ಹೋಯಿತು. ಹೇಮಾವತಿ ಮಗಳ ಬಟ್ಟೆಗಳನ್ನು ಒಗೆದು ಮಡಿಚಿ ಚೀಲಕ್ಕೆ ಹಾಕಿದಳು. ರಂಜಿತಾಳನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮಗಳು ಮಾಳಿಗೆಯ ಮೇಲೆ ಮಾತಾಡುವುದು ಅವಳಿಗೂ ಗೊತ್ತಿತ್ತು. ಆದರೆ ಮಾಳಿಗೆಯಲ್ಲಿ ಶಾಲೆ ಕಲಿಯಲಾಗುತ್ತದೆಯೇ ಎಂದಷ್ಟೇ ಕೇಳಿದಳು.

ದೀಪಾವಳಿಯ ಹಿಂದಿನ ವಾರ ಮೇಡಂ ಕಲಿಕೆಯ ವರ್ಗಾವಣೆ ಎನ್ನುವ ಪಾಠ ಮಾಡಿದರು. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ನಡೆದು ಹೋಗುವುದಿಲ್ಲ, ಎರಡೂ ಜಾಗಗಳ ನಡುವೆ ಏನಾದರೂ ಹೋಲಿಕೆ ಇರಬೇಕು ಎಂದರು. ರಂಜಿತಾಳ ಹೂಂ ಅರ್ಧಕ್ಕೆ ನಿಂತಿತು. ಮಾಳಿಗೆಯ ಮೇಲೆ ಕವಿತಾ ಹೂಂ ಅಂದದ್ದು ಕಥೆಗೆ. ಶಾಲೆಯಲ್ಲಿ ಕಥೆ ಎಲ್ಲಿದೆ? ಬರೀ ಹೆಸರು. ಬರೀ ಹೆಸರಿಗೆ ಹೂಂ ಅನ್ನುವುದು ಹೇಗೆ?

ಮರುದಿನವೇ ದ್ಯಾಮಣ್ಣ ಮಾಸ್ತರರ ಮುಂದೆ ಹೋಗಿ ನಿಂತಳು. ಅವಳು ಕೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದರು. ಹಾಜರಿ ಕರೆಯುವುದು ಕಥೆ ಹೇಳುವುದಲ್ಲವಲ್ಲ ತಂಗಿ ಎಂದರು. ಒಂದು ದಿನ ಹೇಳಿ ನೋಡ್ರಿ ಸರ್ ಎಂದು ಬೇಡಿಕೊಂಡಳು. ಯೋಚಿಸುತ್ತೇನೆ ಎಂದರೇ ಹೊರತು ಆಗಲಿ ಎನ್ನಲಿಲ್ಲ.

ದೀಪಾವಳಿ ರಜೆಗೆ ಮೊದಲಿನ ಕೊನೆಯ ದಿನ. ಹಿಂದಿನ ದಿನದ ಜೋರು ಮಳೆಗೆ ಶಾಲೆಯ ಅಂಗಳದ ತುಂಬ ನೀರು ನಿಂತಿತ್ತು. ಹೇಮಾವತಿ ಚೀಲ ಹಿಡಿದು ಬಂದಿದ್ದಳು, ಶಾಲೆ ಬಿಟ್ಟ ಕೂಡಲೇ ಕುಷ್ಟಗಿಗೆ ಹೊರಡುವವಳು. ನೀರು ದಾಟಿ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತಳು. ರಂಜಿತಾ ಕಿಟಕಿಯ ಹೊರಗೆ, ಕವಿತಾಳಿಗೆ ಕಾಣದ ಕಡೆ, ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಒಳಗೆ ಮಾಸ್ತರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

“ಒಂದೂರಾಗ ಒಂದು ಸಾಲಿ ಇತ್ತು,” ಎಂದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು. ಅಜ್ಜಿಯರ ಕೈಯಲ್ಲಿ ಬೆಳೆದ ಮಕ್ಕಳು, ಯಾರೂ ಹೇಳಿಕೊಡಬೇಕಾಗಲಿಲ್ಲ. ಹೂಂ ಎಂದವು, ಇಡೀ ತರಗತಿ.

ಆ ಸಾಲಿಗೆ ಗಾಳೇಶ ಅನ್ನೋ ಹುಡುಗ ಬಂದ ಎಂದರು ಮಾಸ್ತರು. ಗಾಳೇಶ ಹಲ್ಲು ಕಿರಿಯುತ್ತ ಎದ್ದು, ಹೂಂ, ಬಂದೀನ್ರಿ ಸರ್ ಎಂದ. ಅವನ ಹಿಂದಿಂದ ಯಮನೂರ ಬಂದ ಎಂದರು. ಹೂಂ, ಬಂದೀನ್ರಿ ಸರ್. ಹೀಗೆ ಒಬ್ಬೊಬ್ಬರೇ ಶಾಲೆಗೆ ಬಂದರು, ಒಂದೊಂದೇ ಕಲ್ಲು ಎದ್ದವು. ರಂಜಿತಾ ಕಣ್ಣು ಮುಚ್ಚಿಕೊಂಡಳು.

“ಆಮ್ಯಾಲ, ಹೇಮಾವತಿ ಮಗಳು ಕವಿತಾ ಬಂದಳು.”

ಮಾಸ್ತರು ತಲೆಯೆತ್ತಲಿಲ್ಲ. ಅವಸರವಿಲ್ಲದವರ ಹಾಗೆ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಹೆಂಚಿನಿಂದ ಒಂದು ಹನಿ ರಂಜಿತಾಳ ಹೆಗಲಿಗೆ ಬಿತ್ತು. ಅವಳು ಬೆಳ್ಳಕ್ಕಿಗಳನ್ನು ನೆನೆಸಿಕೊಂಡಳು, ಬೆಕ್ಕನ್ನು ನೆನೆಸಿಕೊಂಡಳು, ಏನನ್ನೂ ಕಾಯದಿರಲು ತನಗೆ ಗೊತ್ತಿದ್ದದ್ದನ್ನೆಲ್ಲ ನೆನೆಸಿಕೊಂಡಳು.

“ಹೂಂ.”

ಯಾರೂ ಅಲುಗಲಿಲ್ಲ. ಮುಂದೇನು ಎಂದು ಕಥೆಯೇ ಕಿವಿಗೊಟ್ಟ ಹಾಗಿತ್ತು.

“ಬಂದೀನ್ರಿ ಸರ್,” ಎಂದಿತು ಅದೇ ದನಿ. ಈ ಸಲ ಕಿಟಕಿ ದಾಟಿ, ಅಂಗಳದ ನೀರಿನ ಮೇಲೆ ಹಾಯ್ದು, ಗೇಟಿನವರೆಗೆ ಹೋಗುವಷ್ಟು ದೊಡ್ಡದಾಗಿತ್ತು.

ಆಚೆ ದಡದಲ್ಲಿ ಹೇಮಾವತಿ ಚೀಲ ಕೆಳಗಿಟ್ಟಳು.